ದೊಡ್ಡ ಸೂಜಿಯೂ ಬೆನ್ನಿನ ವಾರ್ಡೂ

ಆಪರೇಷನ್ ಆದವರ ವಾರ್ಡಿನಲ್ಲಿ ನಗುವಂಥದ್ದು ಏನಿರುತ್ತದೆ ಅಂತ ಜನ ಕೇಳುತ್ತಾರೆ. ಇರುತ್ತದೆ ಸ್ವಾಮಿ, ವಾರಕ್ಕೊಂದು ತಪ್ಪದೆ ಇರುತ್ತದೆ. ಬೆನ್ನಿಗೆ ಹೊಲಿಗೆ ಹಾಕಿಸಿಕೊಂಡು ಮಲಗಿರುವವರು ‘ನಗಿಸ್ಬ್ಯಾಡಿ ಸಾ, ಒಲ್ಗೆ ಜಗ್ತದೆ’ ಅಂತ ಕೈ ಮುಗಿಯುತ್ತಿದ್ದರು. ಮರುಗಳಿಗೆಯಲ್ಲಿ ಅವರೇ ಏನಾದರೊಂದು ಮಾಡಿ ಇಡೀ ವಾರ್ಡನ್ನು ನಗಿಸುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಶ್ರೀರಂಗಪಟ್ಟಣದ ಒಂದು ಪುಟ್ಟ ನರ್ಸಿಂಗ್ ಹೋಮಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆ ಹೆಸರು ಆಗ ನಮ್ಮ ಕಡೆ ಯಾರ ನಾಲಿಗೆಗೂ ಹತ್ತುತ್ತಿರಲಿಲ್ಲ. ರೋಗಿಗಳು ನನ್ನನ್ನು ‘ನಡೆಸೋ ಮೇಷ್ಟ್ರು’ ಅನ್ನುತ್ತಿದ್ದರು. ನಮ್ಮದು ತಲೆತಲಾಂತರದಿಂದ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆ. ‘ಮಗ ಏನು ಮಾಡ್ಕೊಂಡಿದಾನೆ?’ ಅಂತ ಯಾರಾದರೂ ಕೇಳಿದರೆ ನಮ್ಮಮ್ಮ ‘ಆಸ್ಪತ್ರೇಲಿದಾನೆ’ ಅಂದವಳೇ ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದಳು. ಕಾಲಿರುವವರನ್ನು ನಡೆಸುವುದಕ್ಕೂ ಒಬ್ಬ ಓದಿದವನು ಬೇಕೇ ಅನ್ನುವುದು ಅವಳಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ನರ್ಸಿಂಗ್ ಹೋಮಿನ ಯಜಮಾನರು ಅರವತ್ತು ದಾಟಿದ ‘ದೊಡ್ಡ ಡಾಕ್ಟ್ರು’. ಮೈಸೂರಿನಿಂದ ವಾರಕ್ಕೆರಡು ಸಲ ಬಂದು ಆಪರೇಷನ್ ಮಾಡುತ್ತಿದ್ದವರು ‘ಬೆನ್ನಿನ ಡಾಕ್ಟ್ರು’. ಬೀರುವಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ವಾರ್ಡನ್ನು ಆಳುತ್ತಿದ್ದವರು ಹಿರಿಯ ಸಿಸ್ಟರ್. ಆ ಬೀರುವಿನಲ್ಲಿದ್ದದ್ದು ‘ದೊಡ್ಡ ಸೂಜಿ’, ಅಂದರೆ ಅಫೀಮಿನ ಜಾತಿಗೆ ಸೇರಿದ ನೋವಿನ ಇಂಜೆಕ್ಷನ್ನು.

ಹಳೆಯ ಪದ್ಧತಿ ಸುಲಭವಾಗಿತ್ತು. ಬೆನ್ನಿನ ಆಪರೇಷನ್ ಆದವನು ಮೂರು ವಾರ ಅಂಗಾತ ಮಲಗಬೇಕು, ನರಳಿದಾಗಲೆಲ್ಲ ದೊಡ್ಡ ಸೂಜಿ ಹಾಕಬೇಕು. ಸೂಜಿಯಿಂದ ನೋವೇನೋ ಹೋಗುತ್ತಿತ್ತು. ಜೊತೆಗೆ ಹಸಿವು ಹೋಗುತ್ತಿತ್ತು, ಕಕ್ಕಸು ಕಟ್ಟುತ್ತಿತ್ತು, ಮನುಷ್ಯ ಮಂಕು ಬಡಿದವನಂತೆ ಸೂರು ನೋಡುತ್ತಾ ಬಿದ್ದಿರುತ್ತಿದ್ದ. ಕೆಲವರಿಗೆ ಮನೆಗೆ ಹೋದ ಮೇಲೂ ಅದೇ ಬೇಕು ಅನ್ನಿಸುತ್ತಿತ್ತು. ಬೆನ್ನಿನ ಡಾಕ್ಟ್ರು ಬಂದು ಇದನ್ನೆಲ್ಲ ತಿರುವಿ ಹಾಕಿದರು. ನೋವು ಬರುವುದಕ್ಕೆ ಮುಂಚೆಯೇ ಗಡಿಯಾರ ನೋಡಿಕೊಂಡು ಸಾಮಾನ್ಯ ಮಾತ್ರೆ ಕೊಡಿ, ಮಾರನೆಯ ದಿನವೇ ಎಬ್ಬಿಸಿ ನಡೆಸಿ, ತಡೆಯಲಾರದ ನೋವಿದ್ದರೆ ಮಾತ್ರ ದೊಡ್ಡ ಸೂಜಿ ತೆಗೆಯಿರಿ ಅಂದರು.

ದೊಡ್ಡ ಡಾಕ್ಟ್ರಿಗೆ ಇದು ಹಿಡಿಸಲಿಲ್ಲ. ‘ಆರು ತಿಂಗಳು ನೋಡ್ತೀನಿ. ಒಬ್ಬ ರೋಗಿ ಬೆನ್ನು ಕೆಡಿಸಿಕೊಂಡು ವಾಪಸು ಬಂದರೂ ಸಾಕು, ಹಳೇ ಪದ್ಧತಿ. ಆಮೇಲೆ ನಡೆಸೋರ ಅಗತ್ಯ ನಮಗೆ ಇರಲ್ಲ’ ಅಂದು ನನ್ನ ಕಡೆ ನೋಡಿದರು. ನನ್ನ ಕೆಲಸ ಆರು ತಿಂಗಳ ಮಟ್ಟಿಗೆ ರೋಗಿಗಳ ಬೆನ್ನ ಮೇಲೆ ನಿಂತಿತ್ತು. ಕೆಲಸಕ್ಕಿಂತ ಹೆಚ್ಚಾಗಿ, ಎದ್ದು ಓಡಾಡಬೇಕಾದವರು ಮತ್ತೆ ಮೂರು ಮೂರು ವಾರ ಸೂರು ನೋಡುತ್ತಾ ಮಲಗುತ್ತಾರಲ್ಲ ಅನ್ನುವುದು ನನಗೆ ಸಂಕಟವಾಗಿತ್ತು.

ಹತ್ತಕ್ಕೆ ನಾಲ್ಕು

ನೋವು ಎಷ್ಟಿದೆ ಅಂತ ಅಳೆಯಲು ಬೆನ್ನಿನ ಡಾಕ್ಟ್ರು ಪ್ರತಿ ಮಂಚದ ಪಕ್ಕ ಒಂದು ಚೀಟಿ ಅಂಟಿಸಿದ್ದರು. ಸೊನ್ನೆಯಿಂದ ಹತ್ತು. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾರೆ. ನಮ್ಮ ರೈತರು ಈ ವಿಷಯದಲ್ಲಿ ಧಾರಾಳಿಗಳು. ‘ಅನ್ನೆರಡು ಬರ್ಕಳಿ ಸಾ’ ಅಂದವರಿದ್ದಾರೆ.

ಕೆ.ಆರ್. ಪೇಟೆಯಿಂದ ಒಬ್ಬ ನಿವೃತ್ತ ಹೆಡ್ಮಾಸ್ಟರು ಬಂದರು. ಆಪರೇಷನ್ನಿನ ದಿನ ಸಂಜೆ ಅವರ ಹಣೆಯಲ್ಲಿ ಬೆವರು, ತುಟಿ ಕಚ್ಚಿಕೊಂಡು ಮಲಗಿದ್ದಾರೆ. ಸಿಸ್ಟರ್ ಕೇಳಿದರು, ‘ಹತ್ತಕ್ಕೆ ಎಷ್ಟು ಸಾರ್?’

‘ನಾಲ್ಕು.’

ನಾಲ್ಕಕ್ಕೆಲ್ಲ ದೊಡ್ಡ ಸೂಜಿ ತೆಗೆಯುವ ಹಾಗಿಲ್ಲ. ಸಿಸ್ಟರ್ ಮಾತ್ರೆ ಕೊಟ್ಟು ಹೋದರು. ಅರ್ಧ ಗಂಟೆಗೆ ಅವರ ಹೆಂಡತಿ ನನ್ನ ಹತ್ತಿರ ಬಂದು ಕೈ ತೋರಿಸಿದರು. ‘ನೋಡಿ, ನೋವು ತಡೀಲಾರದೆ ನನ್ನ ಕೈ ಹಿಂಡಿ ಹಿಂಡಿ ಮೂರು ಬಳೆ ಒಡೆದರು. ನಾಲ್ಕಂತೆ ನಾಲ್ಕು!’

ನಾನು ಹೋಗಿ, ‘ಸಾರ್, ನಿಜ ಹೇಳಿ. ಇದು ಹತ್ತೇ ಇರಬೇಕು’ ಅಂದೆ.

ಅವರು ಹಲ್ಲು ಕಚ್ಚಿಕೊಂಡೇ ಹೇಳಿದರು: ‘ಮೂವತ್ತು ವರ್ಷ ಸರ್ವೀಸು ಮಾಡಿದೀನಿ. ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟಿಲ್ಲ. ಅದೂ ಮೊದಲನೇ ದಿನವೇ?’

ಸಿಸ್ಟರ್ ಆ ನಾಲ್ಕನ್ನು ಹೊಡೆದು ಹಾಕಿ, ಬೀರು ತೆಗೆದು ಒಂದು ಸೂಜಿ ಹಾಕಿದರು. ಮಾಸ್ಟರು ನಿದ್ದೆ ಹೋದರು. ಮಾರನೆಯ ದಿನ ಎದ್ದರು, ಎರಡು ಹೆಜ್ಜೆ ಇಟ್ಟರು. ಮೂರನೆಯ ದಿನ ಇಡ್ಲಿ ತಿಂದು ವರಾಂಡದ ಉದ್ದಕ್ಕೂ ಎರಡು ಸಲ ಓಡಾಡಿ ಬಂದರು. ಆಗ ಸಿಸ್ಟರ್ ಕೇಳಿದರೆ ಹೇಳಿದ್ದು, ‘ಒಂಬತ್ತು!’

ಯಾರಿಗೂ ಹತ್ತು ಕೊಡದ ಮನುಷ್ಯ ಒಂಬತ್ತು ಕೊಟ್ಟರೆ ಗತಿಯೇನು? ಸಿಸ್ಟರ್ ಗಾಬರಿಯಾಗಿ ಬೀರುವಿಗೆ ಓಡಿದರು. ನಾನು ಮಂಚದ ಹತ್ತಿರ ಓಡಿದೆ. ಮಾಸ್ಟರು ಕಿಟಕಿಯ ಬಳಿ ನೆಟ್ಟಗೆ ನಿಂತು ಪೇಪರ್ ಓದುತ್ತಿದ್ದಾರೆ.

‘ಒಂಬತ್ತು ಅಂದಿರಂತೆ ಸಾರ್?’

‘ಹೌದ್ರೀ. ಈ ನೋವು ಮೊದಲ ದಿನ ಬಹಳ ತರಲೆ ಮಾಡ್ತು. ನೆನ್ನೆ ಪರವಾಗಿಲ್ಲ. ಇವತ್ತು ನೋಡಿ, ಎಲ್ಲಿದೆ ಅಂತಲೇ ಗೊತ್ತಾಗದ ಹಾಗೆ ಸುಮ್ಮನೆ ಕೂತಿದೆ. ತಿದ್ದಿಕೊಂಡೋರಿಗೆ ಮಾರ್ಕು ಕೊಡಬೇಕಲ್ಲವೇ?’

ಸಿಸ್ಟರ್ ಸೂಜಿ ಹಿಡಿದುಕೊಂಡು ಬಂದರು. ಮಾಸ್ಟರು ಕನ್ನಡಕದ ಮೇಲಿಂದ ನೋಡಿ ಅಂದರು: ‘ಅದೇನಮ್ಮ ಅದು? ಒಂಬತ್ತು ಬಂದಿದೆ. ಪಾಸು ಮಾಡಿ, ಮನೆಗೆ ಕಳಿಸಿ.’

ಬೀಗರು ಬಂದರು

ಪಟ್ಟಣದ ಪಕ್ಕದ ಹಳ್ಳಿಯ ಒಬ್ಬ ಗೌಡರಿಗೆ ಆಪರೇಷನ್ ಆಗಿ ಎರಡು ದಿನವಾಗಿತ್ತು. ಮೀಸೆ ತೀಡಿಕೊಂಡು ನನ್ನ ಜೊತೆ ವರಾಂಡದಲ್ಲಿ ಓಡಾಡುತ್ತಿದ್ದರು. ದೊಡ್ಡ ಸೂಜಿ ಬಿಟ್ಟು ಒಂದು ದಿನವಾಗಿತ್ತು. ನನಗೆ ಖುಷಿಯೋ ಖುಷಿ.

ಇದ್ದಕ್ಕಿದ್ದಂತೆ ಅವರ ಹೆಂಡತಿ ಕಿಟಕಿಯ ಕಡೆಯಿಂದ ಓಡಿಬಂದರು. ‘ಅಯ್ಯಯ್ಯೋ, ಬೀಗ್ರು ಬಂದ್ರು! ಗೇಟ್ ತಾವ ಅವ್ರೆ! ಮನಿಕ್ಕಳಿ, ಬಿರ್ನೆ ಮನಿಕ್ಕಳಿ!’

ಮಗಳನ್ನು ಆ ವರ್ಷವಷ್ಟೇ ಅಕ್ಕಿಹೆಬ್ಬಾಳಿಗೆ ಕೊಟ್ಟಿದ್ದರು. ಹೊಸ ಬೀಗರು ಹನ್ನೊಂದು ಜನ ರೈಲು ಹತ್ತಿ ಮೈಸೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ನೋಡಲು ಬಂದಿದ್ದರು.

‘ಓಡಾಡ್ತಿರೋದನ್ನ ನೋಡಿದ್ರೆ ಅವರಿಗೂ ಸಂತೋಷವಲ್ವೇನಮ್ಮ?’ ಅಂದೆ.

‘ನಿಮಗ್ಗೊತ್ತಾಗಕಿಲ್ಲ ಸುಮ್ಕಿರಿ ಮೇಷ್ಟ್ರೇ. ಕೆಲ್ಸ ಬುಟ್ಟು, ರೈಲು ಬಸ್ಸು ಅತ್ತಿ ಬಂದವ್ರೆ. ಇವ್ರು ಮೀಸೆ ತಿರುವ್ಕಂಡು ಓಡಾಡ್ತಿದ್ರೆ ಏನಂತಾರೆ? ಏನೂ ಆಗ್ದೇನೇ ಆಸ್ಪತ್ರೆ ಸೇರವ್ರೆ ಅನ್ನಕಿಲ್ವಾ?’

ಗೌಡರಿಗೂ ಮಾತು ಸರಿ ಅನ್ನಿಸಿತು. ಮಂಚ ಸೇರಿ ಕತ್ತಿನವರೆಗೂ ಕಂಬಳಿ ಎಳೆದುಕೊಂಡರು. ಮೂಸಂಬಿ, ಬ್ರೆಡ್ಡು, ಎಳನೀರಿನ ಗೊನೆ ಸಮೇತ ಬೀಗರು ಒಳಗೆ ಬಂದರು. ಗೌಡರು ‘ಅಮ್ಮಾ... ಅಪ್ಪಾ...’ ಅಂತ ಶುರುಮಾಡಿದರು. ಬೀಗರಲ್ಲಿ ಹಿರಿಯರು ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಂಡರು. ಅದನ್ನು ನೋಡಿ ಗೌಡರಿಗೆ ಹುರುಪು ಬಂತು. ನರಳಾಟ ಎರಡು ಪಟ್ಟಾಯಿತು.

ಅದು ಸಿಸ್ಟರ್ ಕಿವಿಗೆ ಬಿತ್ತು. ಸಿಸ್ಟರ್ ಪಾಪ, ಕರುಣಾಮಯಿ. ಅಷ್ಟು ನರಳುತ್ತಿರುವವನಿಗೆ ಮಾತ್ರೆ ಸಾಲದು ಅಂತ ದೊಡ್ಡ ಸೂಜಿಯನ್ನೇ ತುಂಬಿಕೊಂಡು ಬಂದುಬಿಟ್ಟರು. ಸೂಜಿ ಕಂಡದ್ದೇ ತಡ, ಗೌಡರು ನಾನು ಹೇಳಿಕೊಟ್ಟ ಹಾಗೆಯೇ ಮಗ್ಗುಲಾಗಿ, ಕಾಲು ಇಳಿಬಿಟ್ಟು, ಕೈ ಊರಿ, ಎದ್ದು ನಿಂತು, ಮೂರು ಹೆಜ್ಜೆ ಆಚೆ ಹೋಗಿ ನಿಂತರು.

‘ಬ್ಯಾಡಿ ಸಿಸ್ಟ್ರೇ! ನಂಗೇನೂ ನೋವಿಲ್ಲ! ಬೀಗ್ರು ಬಂದವ್ರಲ್ಲಾ ಅಂತ ನರಳ್ತಿದ್ದೆ!’

ಗೌಡರ ಹೆಂಡತಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಹೊಸ ಸಂಬಂಧ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಹಣ್ಣಿನ ಚೀಲ ಹಿಡಿದ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಕಾಣಿಸಿಕೊಂಡರು. ಹಿರಿಯ ಬೀಗರು ಗೌಡರ ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ, ಬಹಳ ಗೌರವದಿಂದ ಕೇಳಿಕೊಂಡರು:

‘ಬೀಗ್ರೇ, ಬ್ಯಾಸ್ರ ಮಾಡ್ಕಬ್ಯಾಡಿ. ಇನ್ನೊಂದ್ಸಲ ಮನಿಕ್ಕಂಡು ನರಳಿ. ನಮ್ಮನೆಯವ್ಳು ಈಗ ಬಂದ್ಲು, ಅವ್ಳು ನೋಡ್ನಿಲ್ಲ.’

ಅಪ್ಪನ ಹತ್ತಿರ ಒಂದು ಮಾತು

ಪಾಂಡವಪುರದ ಕಡೆಯ ಒಬ್ಬ ಆಲೆಮನೆಯ ಯಜಮಾನ. ಬೆಲ್ಲದ ಕೊಪ್ಪರಿಗೆ ಇಳಿಸಿ ಇಳಿಸಿಯೇ ಬೆನ್ನು ಹೋಗಿತ್ತು. ಆಪರೇಷನ್ ಆದ ದಿನ ಒಂದು ದೊಡ್ಡ ಸೂಜಿ ಬಿದ್ದಿತ್ತು. ಮಾರನೆಯ ದಿನ ಚೆನ್ನಾಗಿ ಎದ್ದು ಕೂತ, ನಡೆದ, ಮುದ್ದೆ ಉಂಡ. ಆಮೇಲೆ ಶುರುವಾಯಿತು ವರಾತ: ‘ಇನ್ನೊಂದು ದೊಡ್ಡ ಸೂಜಿ ಆಕಿ.’

‘ನೋವಿದೆಯೇನಪ್ಪ?’ ಬೆನ್ನಿನ ಡಾಕ್ಟ್ರು ಕೇಳಿದರು.

‘ಇಲ್ಲ ಸಾ.’

‘ಮತ್ತೆ ಯಾಕೆ?’

‘ನಮ್ಮಪ್ಪನ್ನ ಒಂದ್ ಮಾತು ಕೇಳ್ಬೇಕು.’

ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತಂತೆ. ಸೂಜಿ ಹಾಕಿದ ಮೇಲೆ ರುಮಾಲು ಸುತ್ತಿಕೊಂಡು ಬಂದು ಕಾಲ ದೆಸೆಯಲ್ಲಿ ಕೂತನಂತೆ. ಎಲೆ ಅಡಿಕೆ ಹಾಕಿಕೊಂಡು ಕಬ್ಬು ಹೇಗಿದೆ, ಎತ್ತು ಹೇಗಿವೆ ಅಂತ ವಿಚಾರಿಸಿದನಂತೆ. ಈ ಯಜಮಾನನಿಗೂ ಇವನ ತಮ್ಮನಿಗೂ ಬದುವಿನ ಮೇಲಿನ ಒಂದು ತೆಂಗಿನ ಮರದ ವಿಷಯಕ್ಕೆ ಮೂರು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ಮರ ಯಾರ ಪಾಲಿನದು ಅಂತ ಗೊತ್ತಿದ್ದವನು ಅಪ್ಪನೊಬ್ಬನೇ.

‘ಆ ಮಾತು ಎತ್ತೋವೊತ್ಗೆ ಸೂಜಿ ಇಳ್ದೋಯ್ತು ಸಾ. ಅಪ್ಪ ಎದ್ದೋಗ್ಬುಟ್ಟ. ಒಂದೇ ಒಂದು ಆಕಿ, ಈ ಸಲ ಮೊದ್ಲೇ ಮರದ ಮಾತು ಎತ್ತೀನಿ.’

ಬೆನ್ನಿನ ಡಾಕ್ಟ್ರು ಸ್ಟೂಲಿನ ಮೇಲೆ ಕೂತು ತಾಳ್ಮೆಯಿಂದ ತಿಳಿಸಿದರು. ಆ ಔಷಧಿಯ ಗುಣವೇ ಹಾಗೆ, ತಲೆ ಮಂಕಾಗಿ ಏನೇನೋ ಕನಸು ತೋರಿಸುತ್ತದೆ, ಅದಕ್ಕೇ ಅದನ್ನು ಕಡಿಮೆ ಮಾಡಿರುವುದು, ನಿಜವಾಗಿ ಅಪ್ಪ ಬಂದಿಲ್ಲ ಅಂತ.

ಯಜಮಾನನಿಗೆ ರೇಗಿತು. ‘ಕನಸಾದ್ರೇನ್ ಸಾ? ನಮ್ಮಪ್ಪ ಕನಸಲ್ಲೂ ಸುಳ್ಳು ಯೋಳೋನಲ್ಲ!’

ಆ ಹೊತ್ತಿಗೆ ಬಾಗಿಲ ಹತ್ತಿರ ಟವೆಲು ಹೆಗಲಿಗೆ ಹಾಕಿಕೊಂಡು ಒಬ್ಬ ನಿಂತಿದ್ದ. ಅದೇ ತಮ್ಮ. ಮಾತು ಬಿಟ್ಟಿದ್ದರೂ ಅಣ್ಣನ ಆಪರೇಷನ್ ಅಂತ ಕೇಳಿ ಮನಸ್ಸು ತಡೆಯದೆ ಬಂದಿದ್ದ. ಮೂರು ವರ್ಷದಲ್ಲಿ ಅವನು ಅಣ್ಣನ ಎದುರಿಗೆ ಬಾಯಿ ಬಿಟ್ಟದ್ದು ಅವತ್ತೇ.

‘ಆಕೋದಾದ್ರೆ ನಂಗೂ ಒಂದು ಆಕ್ಬುಡಿ ಸಾ’ ಅಂದ. ‘ಇಬ್ಬರ್ಗೂ ಒಂದೇ ಮಾತು ಯೋಳ್ತಾನಾ ನೋಡುವ.’

ನೋವು ಬರುವುದಕ್ಕೆ ಮುಂಚೆ

ನಾಗಮಂಗಲದ ರೋಗಿಯೊಬ್ಬ ನಮ್ಮೆಲ್ಲರ ತಲೆ ಕೆಡಿಸಿದ. ಆಪರೇಷನ್ ಚೊಕ್ಕವಾಗಿ ಆಗಿತ್ತು. ಸಿಸ್ಟರ್ ಆರಾರು ಗಂಟೆಗೆ ತಪ್ಪದೆ ಮಾತ್ರೆ ಕೊಡುತ್ತಿದ್ದರು. ಆದರೂ ನೋವು ಇಳಿಯದು. ಮೂರನೆಯ ದಿನ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಣ್ಣಲ್ಲಿ ನೀರು. ದೊಡ್ಡ ಡಾಕ್ಟ್ರು ರೌಂಡ್ಸಿಗೆ ಬಂದು, ‘ನೋಡಿದ್ರಾ ನಿಮ್ಮ ಮಾತ್ರೆ ಮಹಿಮೆ? ಸೂಜಿ ಹಾಕಿ ಮಲಗಿಸ್ರಿ’ ಅಂದರು.

ನಿಜ ಸಂಗತಿ ಹೊರಬಿದ್ದದ್ದು ಸಿಸ್ಟರ್ ಹಾಸಿಗೆ ಬದಲಾಯಿಸಿದಾಗ. ದಿಂಬಿನ ಕೆಳಗೆ ಒಂದು ಕಾಗದದ ಪೊಟ್ಟಣ, ಅದರೊಳಗೆ ಒಂದೇ ಒಂದು ಮಾತ್ರೆ. ಉಳಿದವು ಎಲ್ಲಿ? ವಿಚಾರಣೆ ಮಾಡಿದರೆ, ಬಂದು ಹೋದ ನೆಂಟರಿಗೆಲ್ಲ ತಲೆಗೊಂದರಂತೆ ಹಂಚಿದ್ದಾನೆ.

ಬೆನ್ನಿನ ಡಾಕ್ಟ್ರು ಸಾಮಾನ್ಯವಾಗಿ ಕೂಗಾಡುವವರಲ್ಲ. ಅವತ್ತು ಕೂಗಿದರು. ‘ಆಪರೇಷನ್ ಆಗಿರೋದು ನಿನಗೋ ಅವರಿಗೋ?’

ಅವನು ಒಂದಿಷ್ಟೂ ಅಳುಕಲಿಲ್ಲ.

‘ನಂಗೇನ್ ಸಾ, ಅರಾಮಾಗಿ ಮಂಚದ್ ಮ್ಯಾಲೆ ಮನಗಿವ್ನಿ. ಅವ್ರು ಬಸ್ನಲ್ಲಿ ವಾಪಸ್ ಓಗ್ಬೇಕಲ್ಲ. ನಾಗ್ಮಂಗ್ಲದ್ ರಸ್ತೆ ನೀವು ನೋಡಿಲ್ಲ. ನೋವು ಬರೋಕೆ ಮುಂಚೆ ನುಂಗ್ಬೇಕು ಅಂತ ನೀವೇ ಅಲ್ವಾ ಯೋಳಿದ್ದು?’

ಅವತ್ತಿನಿಂದ ಸಿಸ್ಟರ್ ಅವನು ನುಂಗಿ ಬಾಯಿ ಆ ಮಾಡಿ ತೋರಿಸುವವರೆಗೂ ಕದಲುತ್ತಿರಲಿಲ್ಲ. ಎರಡು ದಿನದಲ್ಲಿ ಸೂಜಿ ಇಲ್ಲದೆ ನಡೆದ. ಮನೆಗೆ ಹೋಗುವ ದಿನ ಬಸ್ಸು ಹತ್ತುವ ಮುಂಚೆ ತಾನೇ ಕೇಳಿ ಒಂದು ಮಾತ್ರೆ ನುಂಗಿದ.

ಬೂಕನಕೆರೆಯ ಎಮ್ಮೆ

ಆರು ತಿಂಗಳು ಮುಗಿಯುತ್ತಾ ಬಂದಿತ್ತು. ಅಷ್ಟೂ ರೋಗಿಗಳು ನಡೆದೇ ಮನೆಗೆ ಹೋಗಿದ್ದರು. ಒಬ್ಬರೂ ಬೆನ್ನು ಕೆಡಿಸಿಕೊಂಡು ತಿರುಗಿ ಬಂದಿರಲಿಲ್ಲ. ಉಳಿದಿದ್ದದ್ದು ಬೂಕನಕೆರೆಯ ಒಬ್ಬ ಗಟ್ಟಿ ಹೆಂಗಸು. ವಯಸ್ಸು ಐವತ್ತರ ಹತ್ತಿರ. ಒಂದು ಕಾಲು ಎತ್ತಿಡಲಾಗದೆ ಟೆಂಪೋದಲ್ಲಿ ಮಲಗಿಸಿಕೊಂಡು ಕರೆತಂದಿದ್ದರು.

ಆಪರೇಷನ್ನಿಗೆ ಮುಂಚೆ ಎಲ್ಲರೂ ‘ಜೀವಕ್ಕೇನೂ ಅಪಾಯ ಇಲ್ವಾ?’ ಅಂತ ಕೇಳುತ್ತಾರೆ. ಆಕೆ ಕೇಳಿದ್ದು ಬೇರೆ. ‘ಎಷ್ಟ್ ದಿನಕ್ಕೆ ನಮ್ಮೆಮ್ಮೆ ಆಲು ಕರೀಬೋದು?’

ಎಮ್ಮೆ ಈದು ಇಪ್ಪತ್ತು ದಿನ. ಆಕೆಯ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಬಿಡದು. ಗಂಡ ಒಂದು ಸಲ ಹೆಂಡತಿಯ ಸೀರೆ ಉಟ್ಟು, ಸೆರಗು ಹೊದ್ದು ಕೂತು ನೋಡಿದನಂತೆ. ಎಮ್ಮೆ ತಿರುಗಿ ಮೂಸಿ ನೋಡಿ, ಬಕೆಟ್ಟನ್ನೂ ಅವನನ್ನೂ ಸೇರಿಸಿ ಒದೆಯಿತಂತೆ. ಈಗ ಆಕೆಯ ತಂಗಿ ಬಂದು ಪಕ್ಕದಲ್ಲಿ ಕೂತು ಹೇಗೋ ಅರ್ಧಂಬರ್ಧ ಕರೆಯುತ್ತಿದ್ದಳು.

‘ಆರು ವಾರ ಬಗ್ಗೋ ಹಾಗಿಲ್ಲ, ಕುಕ್ಕರಗಾಲಲ್ಲಿ ಕೂರೋ ಹಾಗಿಲ್ಲ’ ಅಂದರು ಬೆನ್ನಿನ ಡಾಕ್ಟ್ರು.

‘ಅಷ್ಟೊತ್ಗೆ ಎಮ್ಮೆ ಬತ್ತೋಯ್ತದೆ ಸಾ’ ಅಂದವಳು ಅತ್ತೇಬಿಟ್ಟಳು. ಬೆನ್ನು ನೋವಿಗೆ ಅಳದ ಹೆಂಗಸು.

ಆಪರೇಷನ್ ಆದ ಸಂಜೆ ನಿಜವಾಗಲೂ ನೋವಿತ್ತು. ಆದರೂ ದೊಡ್ಡ ಸೂಜಿ ಬೇಡವೆಂದು ಹಟ ಹಿಡಿದಳು. ‘ಮಂಕು ಬಡ್ಸ್ತದಂತೆ. ನಂಗೆ ಎಮ್ಮೆ ಮ್ಯಾಲೆ ಗ್ಯಾನ ಇರ್ಬೇಕು.’ ಬೇಕಾದಾಗ ತಗೊಳ್ಳುವುದು ತಪ್ಪಲ್ಲ, ಬೇಡವಾದಾಗ ತಗೊಳ್ಳುವುದು ತಪ್ಪು ಅಂತ ಸಿಸ್ಟರ್ ಗದರಿ ಒಂದೇ ಒಂದು ಹಾಕಿದರು. ಮಾರನೆಯ ದಿನದಿಂದ ಬರೀ ಮಾತ್ರೆ. ಮರದ ದಿಮ್ಮಿಯ ಹಾಗೆ ಮೈಯನ್ನು ಒಟ್ಟಿಗೆ ಉರುಳಿಸಿ ಮಗ್ಗುಲಾಗುವುದನ್ನು, ಕಾಲು ಇಳಿಬಿಟ್ಟು ಕೈ ಊರಿ ಏಳುವುದನ್ನು ಒಂದೇ ಸಲಕ್ಕೆ ಕಲಿತಳು. ಸಂಜೆಯ ಹೊತ್ತಿಗೆ ಅಕ್ಕಪಕ್ಕದ ಮಂಚದವರಿಗೆ ಅವಳೇ ಕಲಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಐದನೆಯ ದಿನ ಮನೆಗೆ ಹೊರಟಾಗ ಮೂರು ಸಲ ಹೇಳಿಸಿದೆ. ‘ಬಗ್ಗಕಿಲ್ಲ, ಕುಕ್ಕರಗಾಲಲ್ಲಿ ಕೂರಕಿಲ್ಲ, ಭಾರ ಎತ್ತಕಿಲ್ಲ ಕನಪ್ಪ’ ಅಂತ ಮೂರು ಸಲವೂ ಹೇಳಿದಳು.

ಮೂರು ವಾರದ ಮೇಲೆ ಅದೇ ಊರಿನವನೊಬ್ಬ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ದೊಡ್ಡ ಡಾಕ್ಟ್ರು ಸುಮ್ಮನಿರಲಾರದೆ, ‘ಆ ಎಮ್ಮೆಯಮ್ಮ ಹೇಗಿದಾಳಯ್ಯ?’ ಅಂದರು.

‘ಬೋ ಸಂದಾಗವ್ಳೆ ಸಾ. ದಿನಾ ಎಲ್ಡೊತ್ತೂ ಅವ್ಳೇ ಆಲು ಕರ್ದು ಡೈರಿಗೆ ಕಳಿಸ್ತಾವ್ಳೆ.’

ದೊಡ್ಡ ಡಾಕ್ಟ್ರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ‘ಆಯ್ತಲ್ಲಪ್ಪ. ಆ ಬೆನ್ನು ಹೋಯ್ತು. ನಡಿ, ಕಣ್ಣಾರೆ ನೋಡಿ ಬರೋಣ.’

ಸಂಜೆ ಅವರ ಕಾರಿನಲ್ಲಿ ಹೊರಟೆವು. ಕೆಲಸ ಹೋದರೆ ದೇವಸ್ಥಾನದಲ್ಲಿ ಗಂಟೆ ಹೊಡೆದುಕೊಂಡಿರಬಹುದು. ಆದರೆ ಆ ಹೆಂಗಸಿನ ಕಾಲು ಮತ್ತೆ ಎಳೆಯತೊಡಗಿದರೆ ಅದಕ್ಕೆ ಯಾರು ಜವಾಬ್ದಾರರು? ಮೂರು ಸಲ ಹೇಳಿಸಿದೆನಲ್ಲ, ನಾಲ್ಕನೆಯ ಸಲ ಯಾಕೆ ಹೇಳಿಸಲಿಲ್ಲ ಅಂತ ನನ್ನನ್ನೇ ಬೈದುಕೊಂಡೆ.

ನಾವು ಹೋದಾಗ ಹಾಲು ಕರೆಯುವ ಹೊತ್ತು. ಕೊಟ್ಟಿಗೆಯಲ್ಲಿ ಮಬ್ಬು. ಎಮ್ಮೆ ಅಡ್ಡಲಾಗಿ ನಿಂತಿದೆ. ಅದರ ಆಚೆ ಬದಿಯಿಂದ ಹಾಲು ಬಕೆಟ್ಟಿಗೆ ಬೀಳುವ ಸದ್ದು. ಹೊಟ್ಟೆಯ ಕೆಳಗಿಂದ ನೋಡಿದರೆ, ಕೆಚ್ಚಲಿನ ಸಮಕ್ಕೆ ಆಕೆಯ ಎದೆ, ಎರಡು ಕೈ. ಕೂತೇ ಕರೆಯುತ್ತಿದ್ದಾಳೆ, ಅನುಮಾನವೇ ಇಲ್ಲ.

ದೊಡ್ಡ ಡಾಕ್ಟ್ರು ಬಾಗಿಲಿಂದಲೇ ಗುಡುಗಿದರು. ‘ಏಳಮ್ಮಾ ಮೇಲೆ! ಕುಕ್ಕರಗಾಲಲ್ಲಿ ಕೂರೋಕೆ ಯಾರು ಹೇಳಿದ್ರು ನಿಂಗೆ?’

‘ಕೂತಿಲ್ಲ ಸಾ. ನಿಂತಿವ್ನಿ.’

‘ನನ್ನ ಕಣ್ಣ ಮುಂದೇನೇ ಸುಳ್ಳು ಹೇಳ್ತೀಯಾ? ನಿನ್ನ ತಲೆ ಎಮ್ಮೆ ಹೊಟ್ಟೆ ಹತ್ರ ಇದೆ!’

‘ತಲೆ ಇಲ್ಲೇ ಐತೆ ಸಾ. ಕಾಲು ಕೆಳಗವೆ.’

ಎಮ್ಮೆಯನ್ನು ಬಳಸಿಕೊಂಡು ಆಚೆ ಹೋದೆವು. ಎಮ್ಮೆ ನಿಲ್ಲುವ ಜಾಗದ ಮಗ್ಗುಲಲ್ಲಿ ಸೊಂಟದುದ್ದ ಗುಂಡಿ. ಸುತ್ತ ಕಲ್ಲು ಕಟ್ಟಿದೆ, ಇಳಿಯಲು ಐದು ಮೆಟ್ಟಿಲು, ಹಿಡಿದುಕೊಳ್ಳಲು ಬಿದಿರಿನ ಗಳ. ಗುಂಡಿಯೊಳಗೆ ಆಕೆ ಕಂಬದ ಹಾಗೆ ನೆಟ್ಟಗೆ ನಿಂತಿದ್ದಾಳೆ. ಕೆಚ್ಚಲು ಸರಿಯಾಗಿ ಕೈಮಟ್ಟಕ್ಕೆ. ಬಕೆಟ್ಟು ಗುಂಡಿಯ ಅಂಚಿನ ಮೇಲೆ, ಅದನ್ನು ಎತ್ತಿಕೊಂಡು ಹೋಗಲು ಗಂಡ ಪಕ್ಕದಲ್ಲೇ ತಯಾರು.

‘ಇದನ್ನ ಯಾರಯ್ಯ ಹೇಳಿಕೊಟ್ಟಿದ್ದು?’ ಅಂದರು ದೊಡ್ಡ ಡಾಕ್ಟ್ರು.

ಗಂಡ ತಲೆ ಕೆರೆದುಕೊಂಡ. ‘ಇವ್ಳು ಆಸ್ಪತ್ರೇಲಿದ್ದಾಗ ನಂಗೇನ್ ಕೆಲ್ಸ ಸಾ? ಆಚೆ ಐವೇ ಪಕ್ಕದ ಲಾರಿ ಗ್ಯಾರೇಜ್ ತಾವ ಕೂತಿರ್ತಿದ್ದೆ. ಅಲ್ಲಿ ಗುಂಡಿ ಒಳಗೆ ನಿಂತ್ಕಂಡು, ಬಗ್ದೆ ಏಳ್ದೆ, ಲಾರಿ ಕೆಳಗಡೆ ರಿಪೇರಿ ಮಾಡ್ತಾರೆ. ಲಾರಿಗಾಗೋದು ಎಮ್ಮೆಗ್ಯಾಕಾಗಕಿಲ್ಲ ಅಂತ ತೋಡ್ಬುಟ್ಟೆ.’

ನನಗೆ ಆ ಎಮ್ಮೆಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನಾಲ್ಕು ವರ್ಷ ಓದಿದ ನನಗೆ ಹೊಳೆಯದ್ದು ಅವನಿಗೆ ಗ್ಯಾರೇಜಿನ ಬಾಗಿಲಲ್ಲಿ ಹೊಳೆದಿತ್ತು.

ದೊಡ್ಡ ಡಾಕ್ಟ್ರಿಗೆ ಮಾತ್ರ ಇನ್ನೂ ನಂಬಿಕೆ ಬರಲಿಲ್ಲ. ಗುಂಡಿ ಎಷ್ಟು ಆಳವಿದೆ, ಆಕೆ ಮಂಡಿ ಮಡಿಸಿದ್ದಾಳೋ ಇಲ್ಲವೋ ನೋಡಬೇಕಿತ್ತು. ಅಂಚಿಗೆ ಬಂದು, ಮಂಡಿಯ ಮೇಲೆ ಕೈಯೂರಿ, ಪೂರ್ತಿ ಬಗ್ಗಿ ಇಣುಕಿದರು. ಬೆನ್ನಲ್ಲಿ ಚಳುಕ್ ಅಂದಿತು.

‘ಅಮ್ಮಾ!’ ಅಂದವರು ಬಗ್ಗಿದ ಹಾಗೆಯೇ ನಿಂತುಬಿಟ್ಟರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದೇ ಭಂಗಿಯಲ್ಲಿ ನೆಲ ನೋಡುತ್ತಾ ನನ್ನನ್ನು ಕೇಳಿದರು, ‘ಲೋ, ಬ್ಯಾಗಲ್ಲಿ ದೊಡ್ಡ ಸೂಜಿ ಇದೆಯೇನೋ?’

‘ಇಲ್ಲ ಸಾರ್. ಸಿಸ್ಟರ್ ಬೀರುವಲ್ಲಿದೆ.’

ಆಕೆ ಕೈಯಲ್ಲಿದ್ದ ಕೆಲಸ ಬಿಡದೆಯೇ ಹೇಳಿದಳು. ‘ಸೂಜಿಗೀಜಿ ಏನೂ ಬ್ಯಾಡ, ಸುಮ್ಕಿರಿ ಸಾ. ಮೇಷ್ಟ್ರೇ, ಮೆತ್ತಗೆ ಮಗ್ಗುಲಿಗೆ ಮನಗ್ಸಿ. ಮಂಡಿ ಮಡಿಸ್ಲಿ. ಒಂದು ಮಾತ್ರೆ ಕೊಡಿ. ಅಷ್ಟ್ರಲ್ಲಿ ನಾನು ಕರ್ದು ಬತ್ತೀನಿ.’

ಗಂಡ ಹುಲ್ಲು ಹರಡಿ ಗೋಣಿತಾಟು ಹಾಸಿದ. ನೂರಾರು ಆಪರೇಷನ್ ಮಾಡಿದ ದೊಡ್ಡ ಡಾಕ್ಟ್ರು ಎಮ್ಮೆಯ ಪಕ್ಕದಲ್ಲಿ ಮಗ್ಗುಲಾಗಿ ಮಲಗಿ, ನಾನು ಕೊಟ್ಟ ಅದೇ ಸಾಮಾನ್ಯ ಮಾತ್ರೆ ನುಂಗಿದರು. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು. ಮುಕ್ಕಾಲು ಗಂಟೆಯ ಮೇಲೆ ಆಕೆ ಬಂದು ಅವರ ತಲೆಯ ಹತ್ತಿರ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

‘ಊಂ, ಮಂಡಿ ಮಡಿಸಿ. ಮೈ ತಿರುಚ್ಬ್ಯಾಡಿ, ದಿಮ್ಮಿ ಉರುಳ್ದಂಗೆ ಒಟ್ಗೆ ಉರುಳಿ. ಕೈ ಒತ್ತಿ. ಎದ್ದೇಳಿ. ಎದರ್ಬ್ಯಾಡಿ, ನಾನಿವ್ನಿ.’

ಎದ್ದರು. ನನ್ನ ಹೆಗಲು ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಮೂರನೆಯ ಸುತ್ತಿಗೆ ಹೆಗಲು ಬಿಟ್ಟರು. ಮುಖದ ಬಿಗಿ ಸಡಿಲವಾಯಿತು. ‘ಹಳೇ ಪದ್ಧತಿ ಮಾತು ಇನ್ನು ಎತ್ತಲ್ಲ ಕಣೋ. ಸೋಮವಾರದಿಂದ ನೀನೇ ನನ್ನನ್ನೂ ನಡೆಸು’ ಅಂದರು. ನನ್ನ ಕಣ್ಣು ತುಂಬಿ ಬಂತು. ಕೊಟ್ಟಿಗೆಯ ಹೊಗೆ ಅಂತ ಒರೆಸಿಕೊಂಡೆ.

ಆಕೆ ಕಾರಿನವರೆಗೂ ಬಂದು ಕಟ್ಟುನಿಟ್ಟಾಗಿ ಹೇಳಿದಳು. ‘ಮೂರು ವಾರ ಬಗ್ಗಂಗಿಲ್ಲ ಸಾ. ಯೋಳಿ, ಬಗ್ಗಕಿಲ್ಲ ಅಂತ.’

‘ಬಗ್ಗದೆ ಮಂಚದ ಮೇಲಿರೋ ರೋಗೀನ ಹೇಗಮ್ಮ ನೋಡೋದು ನಾನು?’ ಅಂದರು ದೊಡ್ಡ ಡಾಕ್ಟ್ರು, ದೀನವಾಗಿ.

ಗಂಡ ಅದಕ್ಕೆ ಕಾದಿದ್ದವನ ಹಾಗೆ ಗುದ್ದಲಿಯನ್ನು ಹೆಗಲಿಗೇರಿಸಿ, ಕಾರಿನ ಹಿಂದಿನ ಬಾಗಿಲು ತೆಗೆದು ಕೂತೇಬಿಟ್ಟ.

‘ಅದ್ಕೇನ್ ಸಾ? ನಡೀರಿ, ಮಂಚ ಮಂಚದ ಪಕ್ಕಕ್ಕೂ ಒಂದೊಂದು ತೋಡ್ಕೊಟ್ಟು ಬತ್ತೀನಿ!’